ಹದ್ದು ಬರುವ ದಾರಿ

ಅನ್ವರ್ ತನ್ನ ಚಿಕನ್ ಅಂಗಡಿಯ ಶಟರ್ ಎಳೆದು ಅಂದಿಗೆ ಮೂರನೆಯ ದಿನ. ಬೆಳಿಗ್ಗೆ ಒಂಬತ್ತಾದರೂ ಹಾಸಿಗೆ ಬಿಡದೆ ಮಲಗಿದ್ದವನನ್ನು ಹೆಂಡತಿ ಮಲ್ಕಾ ಬಂದು ಅಲುಗಾಡಿಸಿದಳು.

"ಏಳಿ. ಹಿಂದಿನ ಬೀದಿ ಮುನಿಯಲ್ಲಮ್ಮ ಬಂದಿದ್ದಾರೆ. ಮುಖ ನೋಡಿದ್ರೆ ಜಗಳಕ್ಕೆ ಬಂದಂಗಿದೆ."

ಅವನು ಲುಂಗಿ ಸರಿಮಾಡಿಕೊಂಡು ಹೊರಗೆ ಬಂದ. ಮುನಿಯಲ್ಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗೇಟಿನ ಹೊರಗೇ ನಿಂತಿದ್ದಳು. ಅಂಗೈ ತೆರೆದು ತೋರಿಸಿದಳು. ಅದರಲ್ಲಿ ಕೋಳಿಮರಿಯ ಹಳದಿ ತುಪ್ಪಳು ಒಂದು ಚಿಟಿಕೆಯಷ್ಟಿತ್ತು.

"ಮೂರಾಯ್ತು ಕಣಪ್ಪಾ," ಅಂದಳು. "ಮೊನ್ನೆ ಒಂದು, ನೆನ್ನೆ ಒಂದು, ಈಗ ಗಳಿಗೆ ಮುಂಚೆ ಒಂದು. ನಿನ್ ಅದ್ದುಗಳು ಎತ್ಕೊಂಡೋದ್ವು."

"ಹದ್ದು ನಂದಾ ಅಮ್ಮ? ಆಕಾಶದಲ್ಲಿರೋದು ಎಲ್ಲಾರ್ದೂ."

"ಆಕಾಶ ಎಲ್ಲಾರ್ದೂ. ದಿನಾ ನಾಕು ಗಂಟೆಗೆ ಕರುಳು, ಚರ್ಬಿ ಎಸ್ದು ಅವುನ್ನ ಇಲ್ಲಿ ಕೂರಿಸ್ದೋನು ನೀನೊಬ್ನೇಯ. ಈಗ ಅಂಗಡಿ ಮುಚ್ಕೊಂಡು ಮನಿಕ್ಕಂಡಿದೀಯ. ಅವು ಎಲ್ಲೋಗ್ಬೇಕು ಏಳು. ನಮ್ ಇತ್ಲಿಗೆ ಬಂದವೆ."

ಅವಳು ಉತ್ತರಕ್ಕೆ ಕಾಯಲಿಲ್ಲ. ಅಂಗೈಯ ತುಪ್ಪಳನ್ನು ಗೇಟಿನ ಕಂಬದ ಮೇಲಿಟ್ಟು ಹೊರಟುಹೋದಳು.

ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ಯುದ್ಧವಿಮಾನಗಳ ಪ್ರದರ್ಶನ ಬಂದರೆ ಸುತ್ತಮುತ್ತಲಿನ ಮಾಂಸದ ಅಂಗಡಿಗಳು ಒಂದೆರಡು ವಾರ ಮುಚ್ಚಬೇಕು. ಮಾಂಸದ ಚೂರಿಗೆ ಹದ್ದು ಸೇರುತ್ತವೆ, ಹದ್ದು ಹಾರುವಲ್ಲಿ ವಿಮಾನಕ್ಕೆ ಅಪಾಯ. ಅನ್ವರ್ ಪುಟ್ಟೇನಹಳ್ಳಿಯಲ್ಲಿ ಅಂಗಡಿ ಹಾಕಿ ಹನ್ನೊಂದು ವರ್ಷವಾಗಿತ್ತು. ಹಾಗಾಗಿ ೨೦೧೫ರ ಆ ಫೆಬ್ರವರಿ ಅವನಿಗೆ ಹೊಸದೇನಲ್ಲ. ಪ್ರತಿ ಸಲವೂ ಅಂಗಡಿ ತೊಳೆದು, ಪಂಜರ ಖಾಲಿ ಮಾಡಿ, ಹೆಂಡತಿಯ ಊರಿಗೋ ದರ್ಗಾಕ್ಕೋ ಹೋಗಿಬರುತ್ತಿದ್ದ. ಈ ಸಲ ಮಲ್ಕಾಳಿಗೆ ಮದುವೆ ಬಟ್ಟೆಗಳ ಹೊಲಿಗೆ ಕೆಲಸ ರಾಶಿ ಬಿದ್ದಿತ್ತು. ಅದಕ್ಕೇ ಮನೆಯಲ್ಲೇ ಉಳಿದಿದ್ದ. ತಾನು ಎಸೆಯದ ದಿನಗಳಲ್ಲಿ ಹದ್ದುಗಳು ಏನು ತಿನ್ನುತ್ತವೆ ಎಂಬ ಯೋಚನೆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವನ ತಲೆಗೆ ಬಂದಿರಲಿಲ್ಲ.

ಮುನಿಯಲ್ಲಮ್ಮನ ಕೋಪಕ್ಕೆ ಇನ್ನೊಂದು ಕಾರಣವಿತ್ತು. ಅವಳ ಕೋಳಿಗಳು ಬೋಳುಕತ್ತಿನವು. ಕತ್ತಿನ ತುಂಬ ಗರಿಯಿಲ್ಲದೆ ಕೆಂಪು ಚರ್ಮ ಕಾಣುವ ಆ ಜಾತಿಯನ್ನು ಅವಳ ತಾಯಿ ಸಾಕಿದ್ದಳು, ಅಜ್ಜಿಯೂ ಸಾಕಿದ್ದಳಂತೆ. ಹೋದ ವರ್ಷ ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂದು ಒಂದೇ ವಾರದಲ್ಲಿ ಇಪ್ಪತ್ತಾರು ಕೋಳಿ ಸತ್ತವು. ಉಳಿದದ್ದು ಒಂದೇ ಒಂದು ಹೇಂಟೆ. ಅದು ಪಕ್ಕದ ಮನೆಯ ಮಾಮೂಲಿ ಹುಂಜದ ಜೊತೆ ಸೇರಿ ಡಿಸೆಂಬರ್ ಕೊನೆಯಿಂದ ಇಟ್ಟ ಹದಿನೆಂಟು ಮೊಟ್ಟೆಯಲ್ಲಿ ಒಂದನ್ನೂ ಮುನಿಯಲ್ಲಮ್ಮ ಮನೆಯವರಿಗೆ ಮುಟ್ಟಲು ಬಿಡದೆ, ಅರ್ಧವನ್ನು ಅದರಡಿಗೂ ಅರ್ಧವನ್ನು ಬೇರೆ ಮನೆಯಿಂದ ತಂದ ಒಂದು ಕೆಂಪು ಹೇಂಟೆಯಡಿಗೂ ಇಟ್ಟು ಕಾವು ಕೂರಿಸಿದ್ದಳು. ಹದಿನಾರು ಮರಿಯಾದವು. ಈಗ ಹದಿಮೂರು.

ಇದನ್ನೆಲ್ಲ ಅನ್ವರನಿಗೆ ಹೇಳಿದವಳು ಮಲ್ಕಾ. ಮುನಿಯಲ್ಲಮ್ಮನ ರವಿಕೆ ಹೊಲಿಯುತ್ತಿದ್ದವಳು ಅವಳೇ.

"ಹೋಗಿ ಏನಾದ್ರೂ ಮಾಡಿ," ಅಂದಳು ಮಲ್ಕಾ ಹೊಲಿಗೆ ಮಿಷಿನ್ನಿನಿಂದ ತಲೆಯೆತ್ತದೆ. "ಇಲ್ಲಿ ಕೂತು ನನ್ನ ತಲೆ ತಿನ್ನೋದಕ್ಕಿಂತ ವಾಸಿ."

ಮಧ್ಯಾಹ್ನ ಅನ್ವರ್ ಮುನಿಯಲ್ಲಮ್ಮನ ಹಿತ್ತಲಿಗೆ ಹೋದ. ಅವಳ ಮಗ ಗೂಡ್ಸ್ ಆಟೋ ಓಡಿಸುತ್ತಿದ್ದ, ಸೊಸೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಹಗಲು ಮನೆಯಲ್ಲಿ ಅವಳೊಬ್ಬಳೇ. ಹಿತ್ತಲು ಅಂದರೆ ನಲವತ್ತು ಅಡಿ ಉದ್ದದ ಜಾಗ. ಮೂಲೆಯಲ್ಲಿ ತಿಪ್ಪೆ, ಒಂದು ನುಗ್ಗೆಮರ, ಬಟ್ಟೆ ಒಗೆಯುವ ಕಲ್ಲು. ಪೂರ್ವಕ್ಕೆ ಎತ್ತರದ ಕಾಂಪೌಂಡ್ ಗೋಡೆ. ಪಶ್ಚಿಮಕ್ಕೆ ಬೇಲಿ, ಅದರಾಚೆ ಪಾರ್ಥೇನಿಯಂ ಬೆಳೆದ ಖಾಲಿ ಸೈಟು. ಆ ಸೈಟಿನ ಇನ್ನೊಂದು ತುದಿಗೆ ಅನ್ವರನ ಅಂಗಡಿಯ ಬೆನ್ನು. ಹನ್ನೊಂದು ವರ್ಷ ಅವನು ಚೂರು ಎಸೆದದ್ದು ಅದೇ ಸೈಟಿಗೆ.

"ಮರಿಗಳನ್ನ ಒಳಗೆ ಕೂಡಿಬಿಡಿ ಅಮ್ಮ, ಹದಿನೈದು ದಿನ."

"ಕೂಡ್ದೆ. ಎರಡು ಯಾಟೆ ಒಂದ್ನೊಂದು ಕುಕ್ಕಿ ರಕ್ತ ಮಾಡ್ಕೊಂಡ್ವು, ಅದ್ರ ಕಾಲಡಿ ಮರಿ ಸಿಕ್ತು. ಬೇರೆ ಬೇರೆ ಮಂಕ್ರಿ ಮುಚ್ಚಿದ್ರೆ ತೂಕಡಿಸ್ತಾ ಕೂರ್ತವೆ, ಮೇವು ಮುಟ್ಟಲ್ಲ. ತಿಪ್ಪೆ ಕೆದಕ್ದೆ ಎಳೇ ಊಮರಿ ಬದುಕ್ತವಾ?"

ಅನ್ವರ್ ದಿನಕ್ಕೆ ನೂರು ಕೋಳಿ ಕಡಿಯುವವನು. ಕೋಳಿ ಹೇಗೆ ಬದುಕುತ್ತದೆ ಎಂದು ಅವನನ್ನು ಯಾರೂ ಕೇಳಿರಲಿಲ್ಲ, ಅವನಿಗೆ ಗೊತ್ತೂ ಇರಲಿಲ್ಲ. ಆದರೆ ಹಾಗೆಂದು ಒಪ್ಪಿಕೊಳ್ಳಲು ಮನಸ್ಸಾಗದೆ, "ಒಂದು ಬೆದರುಗೊಂಬೆ ನಿಲ್ಲಿಸ್ತೀನಿ" ಅಂದ.

ಎರಡು ಬಿದಿರು ಗಳ ಅಡ್ಡ ಕಟ್ಟಿದ. ತಲೆಗೆ ಮಡಕೆಯಿಟ್ಟ. ಮೈಗೆ ಹಾಕಲು ಹಳೆಯ ಬಟ್ಟೆ ಬೇಕಿತ್ತು. ಅಂಗಡಿಯಲ್ಲಿ ಗೂಟಕ್ಕೆ ನೇತುಹಾಕಿದ್ದ ತನ್ನ ಏಪ್ರನ್ನನ್ನೇ ತಂದು ತೊಡಿಸಿದ. ಕೊಂಬೆಗಳಿಗೆ ಹಾಳಾದ ಸೀಡಿಗಳನ್ನೂ ಕಟ್ಟಿದ. ಗಾಳಿಗೆ ಅವು ಮಿರಮಿರನೆ ತಿರುಗುವುದನ್ನು ನೋಡಿ ತೃಪ್ತಿಯಿಂದ ಬೀಡಿ ಹಚ್ಚಿದ.

ಅರ್ಧ ಗಂಟೆಯೊಳಗೆ ಹನ್ನೆರಡು ಹದ್ದುಗಳು ಬಂದು ನುಗ್ಗೆಮರ, ಗೋಡೆ, ಕರೆಂಟು ಕಂಬಗಳ ಮೇಲೆ ಕೂತವು. ಒಂದು ಬೊಂಬೆಯ ಭುಜದ ಮೇಲೇ ಇಳಿಯಿತು. ರಕ್ತದ ಕಲೆಯ ಆ ಏಪ್ರನ್ನಿನ ಗುರುತು ಹದ್ದುಗಳಿಗೆ ಅನ್ವರನ ಮುಖದ ಗುರುತಿಗಿಂತ ಚೆನ್ನಾಗಿತ್ತು. ಅದನ್ನು ತೊಟ್ಟವನು ಊಟ ಕೊಡುವವನು.

ಮುನಿಯಲ್ಲಮ್ಮ ಪೊರಕೆ ಬೀಸಿ ಓಡಿಸುತ್ತ, "ಬೀಗರನ್ನ ಕರ್ದು ಎಲೆ ಆಕ್ದಂಗಾಯ್ತು ನಿನ್ ಕೆಲ್ಸ" ಅಂದಳು. ಬೆಳಿಗ್ಗೆಯಿಂದ ಬಿಗಿದುಕೊಂಡಿದ್ದ ಅವಳ ಮುಖದಲ್ಲಿ ನಗು ಬಂದದ್ದು ಆಗಲೇ. ಅನ್ವರನೂ ನಕ್ಕ. ಏಪ್ರನ್ ಕಿತ್ತು ಸುರುಳಿ ಸುತ್ತಿ ನುಗ್ಗೆಮರದ ಕೊಂಬೆಯ ಸಂದಿಗೆ ಸಿಕ್ಕಿಸಿದ. ಆ ಸಂಜೆಯಷ್ಟೂ ಇಬ್ಬರೂ ಸರದಿಯ ಮೇಲೆ ಕೋಲು ಹಿಡಿದು ಕಾದರು.

ಮರುದಿನ ಅವನು ಏನೂ ಕಟ್ಟಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತು ಮೇಲೆ ನೋಡುತ್ತ ಇಡೀ ಬೆಳಗು ಕಳೆದ. ಮುನಿಯಲ್ಲಮ್ಮ ಎರಡು ಸಲ ಕಾಫಿ ಕೊಟ್ಟಳು. ಮೂರನೆಯ ಸಲ, "ಏನ್ ಲೆಕ್ಕ ಆಕ್ತಿದೀಯ" ಎಂದು ಕೇಳಿದಳು.

"ದಾರಿ ನೋಡ್ತಿದೀನಿ ಅಮ್ಮ."

ಅಂಗಡಿಯ ಹಿಂದೆ ಚೂರು ಎಸೆಯುವಾಗ ಅವನು ಸಾವಿರ ಸಲ ನೋಡಿದ್ದ ಸಂಗತಿ ಈಗ ಅರ್ಥವಾಗತೊಡಗಿತ್ತು. ಹದ್ದು ಕಲ್ಲಿನ ಹಾಗೆ ನೆಟ್ಟಗೆ ಬೀಳುವುದಿಲ್ಲ. ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಹಾಗೆ ದೂರದಿಂದ ತೇಲಿ ಬರುತ್ತದೆ, ರೆಕ್ಕೆ ಬಡಿಯದೆ, ನಿಲ್ಲದೆ, ಕಾಲು ಚಾಚಿ ಎತ್ತಿಕೊಂಡು ಹಾಗೇ ಮುಂದಕ್ಕೆ ಏರಿ ಹೋಗುತ್ತದೆ. ನೆಲಕ್ಕೆ ಇಳಿದು ಮತ್ತೆ ಎದ್ದು ಹಾರಬೇಕಾದ ಕಡೆ ಅದಕ್ಕೆ ಧೈರ್ಯವಿಲ್ಲ. ಬರುವ ದಾರಿ ಎಷ್ಟು ಮುಖ್ಯವೋ ಹೋಗುವ ದಾರಿಯೂ ಅಷ್ಟೇ ಮುಖ್ಯ. ಈ ಹಿತ್ತಲಿಗೆ ಅವು ಬರುತ್ತಿದ್ದದ್ದು ಖಾಲಿ ಸೈಟಿನ ಕಡೆಯಿಂದ, ಬೇಲಿಯ ಮೇಲೆ ತಗ್ಗಾಗಿ. ಹೋಗುತ್ತಿದ್ದದ್ದು ನುಗ್ಗೆಮರಕ್ಕೂ ಗೋಡೆಗೂ ನಡುವಿನ ಎಂಟು ಅಡಿಯ ಸಂದಿನಲ್ಲಿ. ಬೇರೆ ಎಲ್ಲಿಂದಲೂ ಅಲ್ಲ.

"ಇಡೀ ಹಿತ್ತಲು ಮುಚ್ಚಬೇಕಾಗಿಲ್ಲ," ಅಂದ ಅವನು ಎದ್ದು ನಿಂತು. "ಆ ಸಂದು ಮುಚ್ಚಿ, ಬೇಲಿ ಎತ್ತರಿಸಿದ್ರೆ ಅವಕ್ಕೆ ಇಲ್ಲಿ ಕೆಲಸ ಇಲ್ಲ."

ಬಲೆ ಬೇಕಿತ್ತು. ಗಾಜಿನ ಪುಡಿ ಮೆತ್ತಿದ ಗಾಳಿಪಟದ ಮಾಂಜಾ ದಾರ ಕಟ್ಟಿದರೆ ಸಾಕಲ್ಲ ಎಂದು ಮಧ್ಯಾಹ್ನ ಊಟಕ್ಕೆ ಬಂದ ಮುನಿಯಲ್ಲಮ್ಮನ ಮಗ ಹೇಳಿದ. ಅನ್ವರ್ ಬೇಡವೆಂದ. ಮಾಂಜಾಕ್ಕೆ ರೆಕ್ಕೆ ಸಿಕ್ಕಿ ತಲೆಕೆಳಗಾಗಿ ನೇತಾಡಿದ ಹದ್ದನ್ನು ಅವನು ಆರ್.ಟಿ. ನಗರದಲ್ಲಿ ನೋಡಿದ್ದ, ಅಗ್ನಿಶಾಮಕದವರು ಏಣಿ ತಂದು ಬಿಡಿಸುವ ಹೊತ್ತಿಗೆ ಅದರ ರೆಕ್ಕೆಯ ಮೂಳೆ ಹೊರಗೆ ಬಂದಿತ್ತು. "ಅವು ಬರಬಾರದು ಅಷ್ಟೆ. ಸಾಯೋದು ಬೇಡ," ಅಂದ. "ಕಣ್ಣಿಗೆ ಕಾಣೋ ಬಲೆ ಬೇಕು."

ಜಕ್ಕೂರು ಕೆರೆಯಲ್ಲಿ ಮೀನು ಹಿಡಿಯುವ ಚಿಕ್ಕಬೈರಪ್ಪ ಅನ್ವರನಿಗೆ ಹಳೆಯ ಗಿರಾಕಿ. ಸ್ಕೂಟರಿನಲ್ಲಿ ಹೋಗಿ ಕೇಳಿದಾಗ ಅವನು ತೆಪ್ಪದ ಪಕ್ಕ ಕೂತು ಬಲೆ ಹೆಣೆಯುತ್ತಿದ್ದ.

"ಹರಿದಿರೋದು ಒಂದು ಹೊರೆ ಬಿದ್ದಿದೆ ಭಾಯ್. ಮೀನಿಗೆ ಉಪಯೋಗವಿಲ್ಲ. ಹದ್ದು ಹಿಡೀತೀರಾ?"

"ಹಿಡಿಯಲ್ಲ. ತಡೀತೀನಿ."

ಚಿಕ್ಕಬೈರಪ್ಪನಿಗೆ ಅದರಲ್ಲಿ ಆಸಕ್ತಿ ಹುಟ್ಟಿತು. ಬಲೆಯ ಜೊತೆ ತಾನೂ ಬಂದ. ಇಬ್ಬರೂ ಸೇರಿ ಸಂಜೆಯೊಳಗೆ ಬೇಲಿಯುದ್ದಕ್ಕೂ ಹತ್ತಡಿ ಎತ್ತರದ ಗಳ ನೆಟ್ಟು ಬಲೆ ಎಳೆದರು. ಸಂದಿಗೂ ಅಡ್ಡ ಕಟ್ಟಿದರು. ಮಲ್ಕಾ ಹೊಲಿಗೆಯಲ್ಲಿ ಉಳಿದ ಬಣ್ಣದ ತುಂಡುಗಳನ್ನು ಒಂದು ಚೀಲ ಕಳಿಸಿದಳು. ಬಲೆಯ ಕಣ್ಣುಕಣ್ಣಿಗೂ ಅವನ್ನು ಕಟ್ಟಿದಾಗ ಹಿತ್ತಲು ಮದುವೆ ಚಪ್ಪರದ ಹಾಗೆ ಕಂಡಿತು. ಮರಿಗಳು ತಿಪ್ಪೆ ಕೆದಕುವ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಹಳೆಯ ಮಂಕ್ರಿ ಬೋರಲು ಹಾಕಿ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರು. ತಾಯಿ ಕೂಗಿದರೆ ಮರಿಗಳು ನುಗ್ಗಲು ಮರೆ ಬೇಕಲ್ಲ.

ಮಾರನೆಯ ದಿನ ಹದ್ದುಗಳು ಬಂದವು. ಒಂದು ಬೇಲಿಯ ಕಡೆಯಿಂದ ತೇಲುತ್ತ ಬಂದು, ಬಲೆ ಕಂಡು, ರೆಕ್ಕೆ ಬಡಿದು ಮೇಲೇರಿತು. ಇನ್ನೊಂದು ಗೋಡೆಯ ಮೇಲಿಂದ ಇಣುಕಿ, ಹೋಗಲು ದಾರಿಯಿಲ್ಲದ್ದನ್ನು ನೋಡಿ ಕತ್ತು ತಿರುಗಿಸಿತು. ಮಧ್ಯಾಹ್ನದ ಹೊತ್ತಿಗೆ ಕಂಬಗಳೆಲ್ಲ ಖಾಲಿ. ಬೋಳುಕತ್ತಿನ ಹೇಂಟೆ ತಿಪ್ಪೆಯ ನೆತ್ತಿಯ ಮೇಲೆ ನಿಂತು ಹುಳ ತೋರಿಸಿ ಮರಿಗಳನ್ನು ಕರೆಯುತ್ತಿತ್ತು.

ಮುನಿಯಲ್ಲಮ್ಮ ಎಣಿಸಿದಳು. ಹದಿಮೂರೂ ಇದ್ದವು. "ಕೂತ್ಕೊ, ಮುದ್ದೆ ತಿಂದೋಗು," ಅಂದಳು ಅನ್ವರನಿಗೆ.

ಗೆದ್ದೆವೆಂದುಕೊಂಡು ಇಬ್ಬರೂ ಎರಡು ದಿನ ನೆಮ್ಮದಿಯಿಂದಿದ್ದರು. ಮೂರನೆಯ ಸಂಜೆ ಒಂದು ಮರಿ ಹೋಯಿತು.

ಅದು ಹದ್ದಿನ ಕೆಲಸವಲ್ಲ. ಹೊತ್ತು ಮುಳುಗಿತ್ತು, ಬೀದಿದೀಪ ಇನ್ನೂ ಹತ್ತಿರಲಿಲ್ಲ. ಎರಡೂ ಹೇಂಟೆಗಳು ಮರಿಗಳ ಜೊತೆ ಗೂಡಿನ ಬಾಗಿಲಲ್ಲಿ ಒಳಗೆ ಹೋಗಲೋ ಬೇಡವೋ ಎಂದು ತಡಮಾಡುತ್ತಿದ್ದವು. ಮುನಿಯಲ್ಲಮ್ಮ ಅವನ್ನು ಅಟ್ಟಲು ಬಗ್ಗಿದ್ದಳು. ಸದ್ದೇ ಇಲ್ಲದೆ ಏನೋ ದೊಡ್ಡದೊಂದು ಅವಳ ಕಿವಿಯ ಪಕ್ಕ ಹಾದುಹೋಯಿತು. ಗಾಳಿ ಕೂಡ ತಾಗಲಿಲ್ಲ. ಮರಿಯ ಒಂದು ಕೀಚಲು ಕೇಳಿತು, ಅಷ್ಟೆ. ತಲೆಯೆತ್ತಿದಾಗ ಗೋಡೆಯ ಮೇಲೆ ಕೊಂಬಿನಂಥ ಎರಡು ಕಿವಿ, ತಟ್ಟೆಯಂಥ ಮುಖ. ಗೂಬೆ. ಅದು ಅವಳನ್ನು ಒಂದು ಗಳಿಗೆ ನೋಡಿ ಕೆರೆಯ ಕಡೆ ಹಾರಿತು.

ಬೆಳಿಗ್ಗೆ ಅನ್ವರ್ ಬಂದಾಗ ಅವಳು ಮಂಕಾಗಿ ಕೂತಿದ್ದಳು.

"ಅದ್ದಾದ್ರೆ ಓಡಿಸ್ಬೋದು. ಗೂಬೆ ಮನೆ ಒಕ್ರೆ ಒಳ್ಳೇದಲ್ಲ ಕಣಪ್ಪಾ. ಈ ಜಾತಿ ಉಳ್ಯೋ ಅಂಗಿಲ್ಲ ಅಂತ ಏಳಕ್ಕೆ ಬಂದೈತೆ."

"ಅದು ಏನೂ ಹೇಳಕ್ಕೆ ಬಂದಿಲ್ಲ ಅಮ್ಮ. ಊಟಕ್ಕೆ ಬಂದಿದೆ," ಅಂದ ಅನ್ವರ್. "ಹದ್ದಿಗೆ ಹಗಲು, ಇದಕ್ಕೆ ಸಂಜೆ. ಎಷ್ಟು ಹೊತ್ತಿಗೆ ಬಂತು?"

"ದೀಪ ಅಚ್ಚೋಕೆ ಮುಂಚೆ. ಆರೂವರೆ ಇರ್ಬೋದು."

"ಹಂಗಾದ್ರೆ ಆರಕ್ಕೆ ಮುಂಚೆ ಇವು ಒಳಗಿರ್ಬೇಕು."

"ನಾನೇಳಿದ್ರೆ ಕೇಳ್ತವಾ? ಬೆಳಕಿರೋವರ್ಗೂ ಕೆದಕ್ತವೆ."

ಅನ್ವರ್ ತನ್ನ ಅಂಗಡಿಗೆ ಹೋದ. ಬ್ರಾಯ್ಲರ್ ಕೋಳಿ ತುಂಬುವ ಕಬ್ಬಿಣದ ಜಾಲರಿ ಪಂಜರ ಖಾಲಿಯಾಗಿ ನಿಂತಿತ್ತು. ತೊಳೆದಿದ್ದರೂ ಇನ್ನೊಂದು ಸಲ ಸೋಪು ಹಾಕಿ ಉಜ್ಜಿ, ಬಿಸಿಲಿಗಿಟ್ಟು ಒಣಗಿಸಿದ. ಮುನಿಯಲ್ಲಮ್ಮನ ಮಗನ ಆಟೋದಲ್ಲಿ ಹೇರಿಸಿ ತಂದು ಹಿತ್ತಲ ಗೋಡೆಗೆ ಆನಿಸಿದ. ಜಾಲರಿಯ ಸಂದಿಯಲ್ಲಿ ಮರಿ ಕತ್ತು ಹೊರಹಾಕಿದರೆ ಗೂಬೆಯ ಉಗುರಿಗೆ ಸಿಗುತ್ತದೆಂದು ಮೂರು ಕಡೆಗೂ ಮೇಲಕ್ಕೂ ಗೋಣಿಚೀಲ ಹೊಲಿಸಿದ. ಹೊಲಿದವಳು ಮಲ್ಕಾ, ಅಂಥ ದಪ್ಪ ಬಟ್ಟೆಗೆ ಎರಡು ಸೂಜಿ ಮುರಿಯಿತು. ಪಂಜರದ ನಡುವೆ ಹಲಗೆ ಅಡ್ಡ ಇಟ್ಟು ಎರಡು ಮನೆ ಮಾಡಿದರು, ಹೇಂಟೆಗಳು ಜಗಳವಾಡದ ಹಾಗೆ.

ಉಳಿದದ್ದು ಅವುಗಳನ್ನು ಹೊತ್ತಿಗೆ ಮುಂಚೆ ಒಳಗೆ ಕರೆಯುವ ಕೆಲಸ. ಮಧ್ಯಾಹ್ನದ ಮೇವು ನಿಲ್ಲಿಸಿ, ಐದೂವರೆಗೆ ಸರಿಯಾಗಿ ನುಚ್ಚನ್ನು ಪಂಜರದ ಒಳಗೇ ಚೆಲ್ಲಿ, ತಟ್ಟೆಗೆ ಚಮಚದಿಂದ ಕುಟ್ಟುವುದು. ಮೊದಲ ದಿನ ಹತ್ತು ನಿಮಿಷ ಕುಟ್ಟಬೇಕಾಯಿತು. ಮೂರನೆಯ ದಿನಕ್ಕೆ ಚಮಚ ತಟ್ಟೆಗೆ ತಾಗುವ ಮೊದಲೇ ಬೋಳುಕತ್ತಿನದು ತನ್ನ ಆರು ಮರಿಯೊಡನೆ ಬಾಗಿಲಲ್ಲಿತ್ತು, ಹಿಂದೆಯೇ ಕೆಂಪು ಹೇಂಟೆ ತನ್ನ ಆರರ ಜೊತೆ.

ಆ ಸಂಜೆ ಮುನಿಯಲ್ಲಮ್ಮನೂ ಅನ್ವರನೂ ಅಡುಗೆಮನೆಯ ಕಿಟಕಿಯಿಂದ ನೋಡಿದರು. ಆರೂವರೆಗೆ ಗೂಬೆ ಬಂತು. ಗೋಡೆಯಿಂದ ಪಂಜರದ ಮೇಲಕ್ಕೆ ಇಳಿಯಿತು. ಗೋಣಿಯನ್ನು ಉಗುರಿನಿಂದ ಕೆರೆಯಿತು. ಒಳಗೆ ಹೇಂಟೆ ಗುರ್ರೆಂದಿತು. ಗೂಬೆ ಆ ಕಡೆ ಈ ಕಡೆ ನಡೆದು, ತಲೆ ಪೂರಾ ಹಿಂದಕ್ಕೆ ತಿರುಗಿಸಿ, ಕೊನೆಗೆ ಖಾಲಿ ಸೈಟಿಗೆ ಹಾರಿ ಹುಲ್ಲಿನಲ್ಲಿ ಏನನ್ನೋ ಎರಗಿ ಹಿಡಿಯಿತು. ಇಲಿ. ಸೈಟಿನ ತುಂಬ ಹೆಗ್ಗಣಗಳೂ ಇದ್ದವು.

"ಅದುನ್ನೇ ತಿನ್ನು, ಒಟ್ಟೆ ತುಂಬ," ಅಂದಳು ಮುನಿಯಲ್ಲಮ್ಮ. ಗೂಬೆಯ ಅಪಶಕುನದ ಮಾತು ಮತ್ತೆ ಅವಳ ಬಾಯಲ್ಲಿ ಬರಲಿಲ್ಲ.

ಶಿವರಾತ್ರಿಯ ಮಾರನೆಯ ದಿನ ಪ್ರದರ್ಶನ ಶುರುವಾಯಿತು. ವಾರದಿಂದ ವಿಮಾನಗಳು ಅಭ್ಯಾಸ ಮಾಡುತ್ತಿದ್ದವಾದ್ದರಿಂದ ಕೋಳಿಗಳು ಸದ್ದಿಗೆ ಒಗ್ಗಿವೆಯೆಂದು ಅನ್ವರ್ ಅಂದುಕೊಂಡಿದ್ದ. ಎರಡನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಒಂದು ಜೆಟ್ ಮನೆಗಳ ನೆತ್ತಿ ಸವರಿಕೊಂಡು ಹೋದ ಹಾಗೆ ಹೋಯಿತು. ಅಂಥ ಸದ್ದು ಅವನೂ ಕೇಳಿರಲಿಲ್ಲ. ಕಿಟಕಿ ಗಾಜು ಗಡಗಡ ನಡುಗಿದವು. ಕೆಂಪು ಹೇಂಟೆ ಒಮ್ಮೆಗೇ ಎಗರಿ, ಬೇಲಿಯ ಬುಡದಲ್ಲಿ ಬಲೆ ಸಡಿಲಾಗಿದ್ದ ಕಡೆ ನುಸುಳಿ, ಆರು ಮರಿಗಳೊಂದಿಗೆ ಖಾಲಿ ಸೈಟಿಗೆ ಓಡಿಬಿಟ್ಟಿತು. ಅಲ್ಲಿ ತಾಯಿ ಒಂದು ಕಡೆ, ಮರಿಗಳು ಆರು ಕಡೆ. ಪಾರ್ಥೇನಿಯಂ ಗಿಡಗಳ ನಡುವೆ ಬರೀ ಕೀಚು ಕೀಚು.

ಆ ಸದ್ದಿಗೆ ಎತ್ತರದಲ್ಲಿ ಸುತ್ತುತ್ತಿದ್ದ ಹದ್ದುಗಳೂ ಕೆಳಗಿಳಿದಿದ್ದವು. ಹತ್ತು ದಿನದ ಹಸಿವು ಬೇರೆ. ಅನ್ವರ್ ತಲೆಯೆತ್ತಿದ. ಹದಿನೈದು, ಇಪ್ಪತ್ತು. ಸೈಟಿಗೆ ಬಲೆಯಿಲ್ಲ, ಗೋಡೆಯಿಲ್ಲ. ಬರುವುದಕ್ಕೂ ಹೋಗುವುದಕ್ಕೂ ನಾಲ್ಕು ದಿಕ್ಕೂ ದಾರಿ.

ಮುನಿಯಲ್ಲಮ್ಮ ಸೆರಗು ಬೀಸುತ್ತ ಬೇಲಿ ದಾಟಿದಳು. ಅವಳೊಬ್ಬಳಿಂದ ಆಗುವ ಕೆಲಸವಲ್ಲ ಅದು. ಅನ್ವರನೂ ಎರಡು ಹೆಜ್ಜೆ ಅವಳ ಹಿಂದೆ ಹೋದವನು ನಿಂತ. ನುಗ್ಗೆಯ ಕೊಂಬೆಯ ಸಂದಿಯಲ್ಲಿ ಹತ್ತು ದಿನದಿಂದ ಸಿಕ್ಕಿಕೊಂಡಿದ್ದ ತನ್ನ ಏಪ್ರನ್ನನ್ನು ಎಳೆದುಕೊಂಡ.

"ಎಲ್ಲೋಗ್ತೀಯೋ?"

"ನೀವು ಮರಿ ಹಿಡೀರಿ ಅಮ್ಮ. ಹದ್ದು ನಾನು ನೋಡ್ಕೊಳ್ತೀನಿ."

ಸೈಟಿನ ಉದ್ದಕ್ಕೂ ಓಡಿ ಅಂಗಡಿಯ ಹಿಂದಿನ ಬಾಗಿಲು ತೆರೆದ. ಓಡುತ್ತಲೇ ಏಪ್ರನ್ ತೊಟ್ಟಿದ್ದ. ಮಾಂಸ ಕಡಿಯುವ ಮರದ ದಿಮ್ಮಿಯನ್ನು ಹೊರಗೆ ಉರುಳಿಸಿ, ಮಚ್ಚಿನ ಬೆನ್ನಿನಿಂದ ಅದನ್ನು ಬಡಿಯತೊಡಗಿದ. ಟಕ್ ಟಕ್ ಟಕ್. ಪ್ರತಿದಿನ ನಾಲ್ಕು ಗಂಟೆಗೆ ಎಸೆಯುವ ಮೊದಲು ದಿಮ್ಮಿಗಂಟಿದ ಚೂರುಗಳನ್ನು ಉದುರಿಸಲು ಬಡಿಯುತ್ತಿದ್ದ ಬಡಿತ ಅದು. ಕೈಯೆತ್ತಿ ಏನೋ ಎಸೆದಂತೆ ಬೀಸಿದ. ಮತ್ತೆ ಬಡಿದ.

ಮೊದಲು ಒಂದು ಹದ್ದು ತಿರುಗಿತು. ಮರಿಯ ಕಡೆ ಇಳಿಯುತ್ತಿದ್ದ ಇನ್ನೊಂದು, ಅರ್ಧ ದಾರಿಯಲ್ಲಿ ಬಾಲ ವಾಲಿಸಿ ಅದರ ಹಿಂದೆ ಬಂತು. ಆಮೇಲೆ ಒಟ್ಟಿಗೆ ಎಲ್ಲವೂ. ಅಂಗಡಿಯ ತಾರಸಿ, ಸಿಂಟೆಕ್ಸ್ ಟ್ಯಾಂಕು, ತಂತಿಗಳ ಮೇಲೆ ಸಾಲಾಗಿ ಕೂತವು. ಕೆಲವು ಅವನ ತಲೆಯ ಮೇಲೆ ಕೈಗೆ ಸಿಗುವಷ್ಟು ತಗ್ಗಿನಲ್ಲಿ ಸುತ್ತಿದವು. ಅನ್ವರ್ ಬಡಿಯುವುದನ್ನು ನಿಲ್ಲಿಸಲಿಲ್ಲ. ಬೆವರು ಕಣ್ಣಿಗಿಳಿಯುತ್ತಿತ್ತು. ಸೈಟಿನ ಆ ತುದಿಯಲ್ಲಿ ಮುನಿಯಲ್ಲಮ್ಮ ಬಗ್ಗುವುದು, ಏಳುವುದು, ಮತ್ತೆ ಬಗ್ಗುವುದು ಕಾಣುತ್ತಿತ್ತು. ಪ್ರತಿ ಸಲ ಎದ್ದಾಗಲೂ ಮಡಿಲಿನ ಸೆರಗು ಸ್ವಲ್ಪ ಉಬ್ಬುತ್ತಿತ್ತು.

"ಏನ್ರೀ ಇದು? ಅಂಗಡಿ ತೆಗ್ದಿದೀರಾ?"

ತಿರುಗಿ ನೋಡಿದರೆ ಗಸ್ತಿನ ಜೀಪು. ಮುಚ್ಚಿದ ಅಂಗಡಿಗಳನ್ನು ನೋಡಿಕೊಂಡು ಬರುವ ಅಧಿಕಾರಿ ಇಳಿದು ಬರುತ್ತಿದ್ದ.

"ಇಲ್ಲ ಸಾರ್. ನೋಡಿ, ದಿಮ್ಮಿ ಒಣಗಿದೆ."

"ಮತ್ತೆ ಏನ್ ಕಡೀತಿದೀರಾ?"

"ಏನೂ ಕಡೀತಿಲ್ಲ ಸಾರ್. ಬಡೀತಿದೀನಿ."

ಅಧಿಕಾರಿ ದಿಮ್ಮಿ ಮುಟ್ಟಿ ನೋಡಿದ. ಒಳಗೆ ಇಣುಕಿದ. ಫ್ರಿಜ್ಜಿನ ಪ್ಲಗ್ಗು ಕಿತ್ತಿತ್ತು, ಬಾಗಿಲು ತೆರೆದಿತ್ತು. ಮೇಲೆ ನೋಡಿದ. ಇಪ್ಪತ್ತು ಹದ್ದು ಅವನನ್ನೂ ನೋಡಿದವು.

ಅಷ್ಟರಲ್ಲಿ ಮುನಿಯಲ್ಲಮ್ಮ ಏದುಸಿರು ಬಿಡುತ್ತ ಬಂದಳು, ಹಿಂದೆಯೇ ಕೆಂಪು ಹೇಂಟೆ. ಮಡಿಲಿನಿಂದ ಆರು ತಲೆಗಳು ಹೊರಗಿಣುಕುತ್ತಿದ್ದವು, ಅದರಲ್ಲಿ ಮೂರರ ಕತ್ತು ಬೋಳು. "ಇವುಕ್ಕೋಸ್ಕರ ಸಾಮಿ," ಅಂದಳು. "ಆರಕ್ಕೆ ಆರೂ ಸಿಕ್ದೊ. ಅವುನ್ ಬಡೀಲಿಲ್ಲ ಅಂದಿದ್ರೆ ಒಂದೂ ಸಿಕ್ತಿರ್ಲಿಲ್ಲ."

ಅಧಿಕಾರಿಗೆ ಪೂರ್ತಿ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆದಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. "ಸರಿ, ಮರಿ ಸಿಕ್ತಲ್ಲ. ಇನ್ನು ಹದ್ದು ಕರೆಯೋ ಕೆಲಸ ನಿಲ್ಸಿ. ಮೇಲೆ ವಿಮಾನ ಹಾರ್ತಿವೆ," ಎಂದು ಜೀಪು ಹತ್ತಿದ. ಅನ್ವರ್ ಮಚ್ಚು ಕೆಳಗಿಟ್ಟ. ಹದ್ದುಗಳು ಇನ್ನೂ ಕಾಯುತ್ತಿದ್ದವು. ಏನೂ ಬೀಳದ್ದನ್ನು ಕಂಡು ಒಂದೊಂದಾಗಿ ಎದ್ದುಹೋದವು. ಅವುಗಳಿಗೆ ಹೀಗೆ ಮೋಸ ಮಾಡಿದ್ದಕ್ಕೆ ಅವನಿಗೆ ಒಳಗೊಳಗೇ ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು. ಮಲ್ಕಾಳಿಗೆ ಹೇಳಲು ಮನೆಗೆ ಓಡಿದ. ಏಪ್ರನ್ ಬಿಚ್ಚುವುದನ್ನೂ ಮರೆತಿದ್ದ.

ಭಾನುವಾರ ಪ್ರದರ್ಶನ ಮುಗಿಯಿತು. ಹನ್ನೆರಡು ಮರಿಗಳಲ್ಲಿ ಹನ್ನೆರಡೂ ಇದ್ದವು. ಏಳರದು ಬೋಳುಕತ್ತು.

ಅಂಗಡಿ ತೆರೆದ ದಿನ ಅನ್ವರ್ ಮುಚ್ಚಳವಿರುವ ಎರಡು ದೊಡ್ಡ ಡ್ರಮ್ಮು ತಂದ. ಅಲ್ಲಿಂದಾಚೆ ಕರುಳು, ಚರ್ಬಿ ಒಂದು ಚೂರೂ ಸೈಟಿಗೆ ಬೀಳಲಿಲ್ಲ. ತ್ಯಾಜ್ಯ ಒಯ್ಯುವ ಗಾಡಿಗೆ ದಿನಾ ಸಂಜೆ ಡ್ರಮ್ಮು ಕೊಟ್ಟ. ಹದ್ದುಗಳು ಒಂದು ವಾರ ತಂತಿಯ ಮೇಲೆ ಕೂತು ಅವನನ್ನೇ ನೋಡಿದವು. ಆಮೇಲೆ ಬೇರೆ ಕಡೆ ಹೊಟ್ಟೆಪಾಡು ನೋಡಿಕೊಂಡವು.

ಜೂನ್ ಹೊತ್ತಿಗೆ ಮರಿಗಳು ಬಲಿತವು. ಮುನಿಯಲ್ಲಮ್ಮನ ಹಿತ್ತಲಲ್ಲಿ ನಾಲ್ಕು ಬೋಳುಕತ್ತಿನ ಹೇಂಟೆ, ಮೂರು ಹುಂಜ ಓಡಾಡುವುದನ್ನು ನೋಡಲು ಬ್ಯಾಟರಾಯನಪುರದಿಂದಲೂ ಜನ ಬಂದರು. ಬಂದವರಿಗೆಲ್ಲ ಅವಳು ಕೋಳಿ ತೋರಿಸುವ ಮುಂಚೆ ಬಲೆ ತೋರಿಸುತ್ತಿದ್ದಳು, ಬಲೆ ತೋರಿಸುವ ಮುಂಚೆ ಅನ್ವರನ ಅಂಗಡಿಯ ದಾರಿ ತೋರಿಸುತ್ತಿದ್ದಳು. ಹೀಗಾಗಿ ಅವನಿಗೆ ಹೊಸದೊಂದು ಕೆಲಸ ಗಂಟುಬಿತ್ತು. ಕೋಳಿ ಕೊಳ್ಳಲು ಬರುವವರ ನಡುವೆ ಕೋಳಿ ಉಳಿಸುವುದು ಹೇಗೆಂದು ಕೇಳುವವರೂ ಬಂದು ನಿಲ್ಲತೊಡಗಿದರು.

ಮೊದಲು ಬಂದವಳು ಹುಣಸಮಾರನಹಳ್ಳಿಯ ರತ್ನಕ್ಕ, ಮುನಿಯಲ್ಲಮ್ಮನ ನಾದಿನಿ. ಒಂದು ಮಂಗಳವಾರ ಅನ್ವರ್ ಮಧ್ಯಾಹ್ನಕ್ಕೇ ಶಟರ್ ಎಳೆದು, ಚಿಕ್ಕಬೈರಪ್ಪನ ಬಲೆಯ ಹೊರೆಯನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಅವಳ ಮನೆಗೆ ಹೋದ. ರತ್ನಕ್ಕ ಗಳ, ಹಗ್ಗ, ಸುತ್ತಿಗೆ ಎಲ್ಲ ಸಿದ್ಧವಾಗಿಟ್ಟಿದ್ದಳು. ಅವಳ ಹಿತ್ತಲಲ್ಲಿ ಎರಡು ತಾಯಿಕೋಳಿಗಳೂ ಇಪ್ಪತ್ತಕ್ಕೂ ಹೆಚ್ಚು ಹೂಮರಿಗಳೂ ಇದ್ದವು.

"ಎಲ್ಲಿಂದ ಶುರು ಮಾಡೋಣಪ್ಪಾ?" ಎಂದು ಕೇಳಿದಳು.

ಅನ್ವರ್ ಹೊರೆ ಇಳಿಸಲಿಲ್ಲ. ಹಿತ್ತಲ ನಡುವಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ಮರಗಳ ತುದಿಗಳನ್ನೂ ಗೋಡೆಯ ಎತ್ತರವನ್ನೂ ಒಂದು ಸುತ್ತು ನೋಡಿದ.

"ಗಳ ಆಮೇಲೆ ನೆಡೋಣ," ಅಂದ. "ಮೊದ್ಲು ಒಂದು ಕುರ್ಚಿ ಕೊಡಿ ಅಕ್ಕ, ಕೂತ್ಕೊಂಡು ನೋಡ್ಬೇಕು."